ಕಲ್ಲ ಆರಿಸಿದ ಹೊಲ

ಅಲ್ಲ, ನಾಳೆ ಮುಂಜಾನೆ ಅಂದ್ರ ಎಷ್ಟಕ್ಕ ಬರತೈತಿ ಆ ಮಶೀನು? ಏಳಕ್ಕ? ಕುಂದರ ಬಸೂ, ಗಾಡಿ ಕೀಲಿ ಅಲ್ಲಿ ಇಡು, ಕುಂದರ. ಗೀತಾ, ನೀನೂ ಬಾರವಾ, ನಿಮ್ಮ ಅಣ್ಣಗ ನಾ ಒಬ್ಬನ ಹೇಳಿದ್ರ ತಲಿಗೆ ಹೋಗಂಗಿಲ್ಲ. ಯಮಕನಮರಡಿ ಮ್ಯಾಲಿನ ಗುಡ್ಡದ ಹೊಲದಾಗಿನ ಕಲ್ಲೆಲ್ಲಾ ಮಶೀನ ಹಚ್ಚಿ ಆರಿಸ್ತೀನಿ ಅಂದ್ಯಲ್ಲ, ಆಗಿಂದ ನನ್ನ ಎದಿ ಡವಡವ ಅನ್ನಾಕತ್ತೈತಿ. ಬಿ.ಪಿ. ಅಲ್ಲೋ, ಗುಳಿಗಿ ತಗೊಂಡೇನಿ. ಆ ಕಲ್ಲ ನಾನೂ ಒಮ್ಮೆ ಆರಿಸಿದ್ದೆ. ನಿಮ್ಮಪ್ಪ ಇನ್ನಾ ಹೊಟ್ಯಾಗ ಇದ್ದ ಆಗ.

ನಮ್ಮದು ಮೂಲ ಮೂಡಲಗಿ, ಗೊತ್ತೈತೆಲ್ಲ, ಅಲ್ಲಿ ನಮ್ಮಪ್ಪನ ಕಾಳಿನ ಅಂಗಡಿ, ಸುತ್ತೆಲ್ಲಾ ಎರಿ ಹೊಲ. ಎರಿ ಅಂದ್ರ ಕರಿ ಮಣ್ಣು, ಆಳುದ್ದ ಅಗದ್ರೂ ತಳ ಕಾಣಂಗಿಲ್ಲ, ಒಮ್ಮೆ ನೀರ ಕುಡದ್ರ ಎರಡ ತಿಂಗಳ ಹೊಟ್ಯಾಗ ಇಟ್ಕೋತೈತಿ. ನಾ ಅದನ್ನ ನೋಡಕೋತ ಬೆಳದಾಂವ, ಮಣ್ಣಂದ್ರ ಹಂಗ ಇರತೈತಿ ಅಂತ ತಿಳದಿದ್ದೆ. ಮುಂದ ಅಣ್ಣ ತಮ್ಮ ಬ್ಯಾರೆ ಆದಿವಿ. ಅಂಗಡಿ ಅಣ್ಣಗ ಹ್ವಾತು, ನನ್ನ ಪಾಲಿಗೆ ಗುಡ್ಡದ ಮ್ಯಾಲಿನ ಈ ಕಲ್ಲಮಡ್ಡಿ ಹೊಲ ಬಂತು. ಜಗಳ ಏನೂ ಆಗಲಿಲ್ಲ. ಅಲ್ಲ, ಆತು, ಸ್ವಲ್ಪ ಆತು, ಈಗ ಅದ್ಯಾಕ. ನಾನು, ನಿಮ್ಮ ಅಜ್ಜಿ ಗೌರವ್ವ, ಒಂದು ಎಮ್ಮಿ, ಬೀಜಕ್ಕಂತ ಆರಿಸಿಟ್ಟ ಶೇಂಗಾ ಮೂರ ಚೀಲ. ಇಷ್ಟ ತಗೊಂಡ ಗುಡ್ಡ ಏರಿದಿವಿ. ಆ ಶೇಂಗಾ ಬಂದ್ರ ಉಂಡಿವಿ, ಇಲ್ಲಂದ್ರ ಅಣ್ಣನ ಅಂಗಡಿ ಕಟ್ಟಿ ಮುಂದ ಹೋಗಿ ನಿಲ್ಲಬೇಕು. ನಿಂತ್ರ ಅತ್ತಿಗಿ ಏನಂತಾಳ ಅನ್ನೂದ ನನಗ ಶಬ್ದ ಶಬ್ದ ಗೊತ್ತಿತ್ತು.

ಅಂಗಡ್ಯಾಗ ಚೀಲಕ್ಕ ಚುಚ್ಚಿ ಕಾಳ ತಗದ ನೋಡೂ ಕಬ್ಬಿಣದ ಸಳಿ ಇರತಿತ್ತಲ್ಲ, ಮಾಲ ಒಳಗ ಹೆಂಗೈತಿ ಅಂತ ನೋಡಾಕ, ಅದನ್ನ ತಂದಿದ್ದೆ. ಹೊಲಕ್ಕ ಚುಚ್ಚಿದೆ. ಒಂದ ಗೇಣ ಹ್ವಾತು ನೋಡ, ಟಣ್ ಅಂತು. ನಾಕ ಹೆಜ್ಜಿ ಸರದು ಚುಚ್ಚಿದೆ, ಮತ್ತ ಟಣ್. ಗೇಣ ಮಣ್ಣು, ಅದರ ಬುಡಕ ನುಚ್ಚಗಲ್ಲಿನ ಗರಸು, ಅದರ ಬುಡಕ ಬಂಡಿಗಲ್ಲ. ಮ್ಯಾಲೆ ನೋಡಿದ್ರ ಕೆಂಪ ಮಣ್ಣ ಕಾಣವಲ್ದು, ಕಡ್ಲಿಯಷ್ಟು, ನಿಂಬಿಕಾಯಷ್ಟು ಹರಳ. ನಾ ಏನ ಮಾಡಿದೆ? ಹುಟ್ಟಿದಾಗಿಂದ ಕಾಳಿನ್ಯಾಗಿನ ಹರಳ ತಗದ ಕೈ ಇದು! ಹಸನ ಮಾಡಲಾರದ ಮಾಲ ನಾ ಮುಟ್ಟಂಗಿಲ್ಲ. ಬ್ಯಾಸಗಿ ತುಂಬ ನಾನೂ ನಿಮ್ಮ ಅಜ್ಜಿನೂ ಬುಟ್ಟಿ ಬುಟ್ಟಿ ಆರಿಸಿದಿವಿ, ಕೆಳಗಿನ ಹಳ್ಳದ ದಂಡಿಗೆ ಒಗದಿವಿ. ಆಕಿಗೆ ಆಗ ಐದ ತಿಂಗಳ. ಕೂಡ್ರು ಅಂದ್ರ ಕೂಡ್ರತಿರಲಿಲ್ಲ.

ಬಾಜೂ ಹೊಲ ಸತ್ಯವ್ವ ಅನ್ನೂ ಮುದುಕಿದು. ಒಂದಿನ ಬಂದು, ಸೊಂಟದ ಮ್ಯಾಲೆ ಕೈ ಇಟ್ಟು ನಿಂತಳು. "ಏನ್ರಿ ಸಾವ್ಕಾರ್ರ, ಹೊಲಾ ಮೊರದಾಗ ಹಾಕಿ ಕೇರಾಕ ಹತ್ತೀರೇನ್ರಿ?" "ಹೌದ ಆಯಿ, ಹರಳ ಇದ್ದ ಮಾಲ ಯಾರ ತಗೋತಾರ?" "ಮಾಲ ಅಲ್ರಿ ಇದು. ದೊಡ್ಡ ಕಲ್ಲ ಎತ್ತಿ ಇಳಕಲಿಗೆ ಅಡ್ಡ ಒಡ್ಡ ಹಾಕ್ರಿ. ಸಣ್ಣವು ಅಲ್ಲೇ ಇರಲಿ, ಅವು ಮಣ್ಣಿಗೆ ಹೊಚ್ಚಿದ ಕೌದಿ." ನಾ ನಕ್ಕೆ. "ಬ್ಯಾಸಗ್ಯಾಗ ಕೌದಿ ಯಾಕ ಬೇಕ ಆಯಿ?" ಆಕೀನೂ ನಕ್ಕಳು, ಹಲ್ಲ ಇರಲಿಲ್ಲ. "ಉತ್ತರಾ ಗುಡ್ಡ ಕೊಡತೈತಿ ಬಿಡ್ರಿ" ಅಂದು ಹ್ವಾದಳು.

ಮೊದಲನೇ ಮಳಿಗೆ ಬಿತ್ತಿದಿವಿ. ನನ್ನ ಹೊಲ ಅಂದ್ರ ಸಾರಿಸಿದ ಅಂಗಳ! ದಾರಿ ಮ್ಯಾಗ ಹೋಗೂ ಮಂದಿ ನಿಂತ ನೋಡತಿದ್ರು. ಶೇಂಗಾ ಮೊಳತು, ಎರಡ ಎಲಿ, ನಾಕ ಎಲಿ. ಆಮ್ಯಾಲೆ ಮಳಿ ನಿಂತ ಹ್ವಾತು. ಒಂದ ವಾರ, ಎರಡ ವಾರ. ಬಿಸಲ ಬಿದ್ದ ಮಣ್ಣ ಕಾದು ಹಂಚಾತು, ಬರಿಗಾಲ ಇಡಾಕ ಆಗವಲ್ದು. ಹನ್ನೊಂದಕ್ಕ ಎಲಿ ಮುಚ್ಚಿದ್ರ ಸಂಜಿತನಾ ತಗೀತಿರಲಿಲ್ಲ. ನನಗ ಅನ್ನ ಸೇರತಿರಲಿಲ್ಲ, ದಿನಾ ಹೋಗಿ ಬೆರಳಿಲೆ ಕೆದರಿ ನೋಡತಿದ್ದೆ, ಬೆರಳ ತುದಿ ಒಡದು ರಕ್ತ. ಬಾಜೂ ಸತ್ಯವ್ವನ ಹೊಲದಾಗ? ಹಸರ ಇತ್ತು. ಆಕಿ ಇಲ್ಲದಾಗ ಕಳ್ಳನಂಗ ಹೋಗಿ ಒಂದ ಕಲ್ಲ ಎತ್ತಿದೆ. ಬುಡಕ ಮಣ್ಣ ಥಂಡ, ಹಸಿ! ಇರುವಿ ತತ್ತಿ ಇಟ್ಟಿದ್ದುವು. ಕಲ್ಲ ಇದ್ದಂಗ ಇಟ್ಟು ಬಂದೆ.

ಮಳಿ ಬರಲಿ, ಮಳಿ ಬರಲಿ ಅಂದೆ. ಬಂತು. ಮಧ್ಯಾಹ್ನ ಎರಡಕ್ಕ ಪಡುವಲ ಕಡೆ ಕರ್ರಗಾತು, ಗಾಳಿ ಬಂತು, ಒಂದ ತಾಸ ಬಡೀತು. ಮೊದಲ ಹನಿಗೆ ನಾ ಕುಣದಿದ್ದೆ, ಖರೆ ಹೇಳತೇನಿ. ಆಮ್ಯಾಲೆ ನೋಡತೇನಿ, ನೀರ ಮಣ್ಣಿನ್ಯಾಗ ಇಳಿವಲ್ದು, ಮ್ಯಾಲಿಂದ ಓಡಾಕ ಹತ್ತಿತು, ಕೆಂಪಗ, ಮಣ್ಣ ಹೊತಗೊಂಡು. ಅಡ್ಡ ಒಂದ ಕಲ್ಲಿಲ್ಲ. ನಾ ಖಾಲಿ ಚೀಲಾ ಹಿಡಕೊಂಡು ನೀರಿಗೆ ಅಡ್ಡ ನಿಂತೆ, ಹುಚ್ಚನಂಗ. ಅಲ್ಲಿ ಹಿಡದ್ರ ಇಲ್ಲಿ, ಇಲ್ಲಿ ಹಿಡದ್ರ ಅಲ್ಲಿ. ನಿಮ್ಮ ಅಜ್ಜಿ ಮ್ಯಾಲಿಂದ ಒದರತಾಳ, "ಬರ್ರಿ ಈ ಕಡೆ, ಮಣ್ಣಿನ ಸಂಗಾಟ ನೀವೂ ಹೊಂಟೀರಿ!" ಮಳಿ ನಿಂತಿತು. ನಡುವಿನ ಪಟ್ಟಿಗೆ ಮಣ್ಣ ಇರಲಿಲ್ಲ, ಬಂಡಿಗಲ್ಲ ಬೆಳ್ಳಗ ಕಾಣತಿತ್ತು. ಶೇಂಗಾ ಸಸಿ ಬೇರ ಮ್ಯಾಲೆ ಮಾಡಿ ಹಳ್ಳದ ದಂಡ್ಯಾಗಿನ ನನ್ನ ಕಲ್ಲಿಗೇ ಹೋಗಿ ಸಿಕ್ಕೊಂಡಿದ್ದುವು. ಗೌರವ್ವ ನೋಡಿದಳು, ಅಳಲಿಲ್ಲ. "ಹಸನ ಆತಲ್ಲ" ಅಂದಳು, ಅಷ್ಟ.

ಮರದಿನ ಮುಂಜಾನೆ ಅದ ಬುಟ್ಟಿ ತಗೊಂಡು ಅದ ಕಲ್ಲ ಹೊತ್ತ ತರಾಕ ಹೋದೆ. ದಾರಿ ಮ್ಯಾಗಿನ ಮಂದಿ ಬಿಡತಾರ? "ಬರ್ರ್ಯೋ, ಸಾವ್ಕಾರ ಕಲ್ಲ ಬಿತ್ತಾಕ ಹೊಂಟಾನ! ಎಕರೆಕ ಎಷ್ಟ ಬುಟ್ಟಿ ಬೀಜ ಹಿಡಿತಾವ್ರಿ?" ನಾ ಬುಟ್ಟಿ ತುಂಬಕೋತ ಹ್ವಾದೆ. ಸತ್ಯವ್ವ ಬಂದಳು, ತಾನೂ ಒಂದ ಬುಟ್ಟಿ ತಂದಿದ್ದಳು. ದೊಡ್ಡವು ಅಡ್ಡ ಸಾಲ, ಸಣ್ಣವು ಹರವೂದು. ಮಣ್ಣ ಉಳದಲ್ಲಿ ಆಕಿ ಕೊಟ್ಟ ಹುರಳಿ ಬಿತ್ತಿದಿವಿ, ನೇಗಿಲ ಆಳಕ್ಕ ಹಚ್ಚದ, ಮ್ಯಾಲ ಮ್ಯಾಲ ಕೆದರಿ. ಆ ವರ್ಷ ಮುಂಜಾನೆ ಹುರಳಿ, ಸಂಜಿಕ ಹುರಳಿ, ಬಾಣಂತಿಗೂ ಹುರಳಿ ಕಟ್ಟಿನ ಸಾರ. ನಿಮ್ಮಪ್ಪಗ ಇವತ್ತಿಗೂ ಹುರಳಿ ಕಂಡ್ರ ಸಿಟ್ಟು, ಅದು ಇದಕ್ಕ. ಅಣ್ಣನ ಕಟ್ಟಿ ಮಾತ್ರ ಏರಲಿಲ್ಲ.

ಏನಂದಿ? ಈಗ ಹಿಡಕಲ್ ಡ್ಯಾಮ ಕಡಿಂದ ಪೈಪ ಬರತೈತಿ? ನೀರ ಬರತೈತೋ ತಮ್ಮಾ, ಮಣ್ಣ ಯಾವ ಪೈಪಿನ್ಯಾಗ ಬರತೈತಿ? ಹ್ವಾದ ತಿಂಗಳ ಅದ ಸಳಿ ತಗೊಂಡ ಹೋಗಿ ಚುಚ್ಚಿ ಬಂದೇನಿ. ಮ್ಯಾಲಿನ ಪಟ್ಟ್ಯಾಗ ಇನ್ನಾ ಗೇಣ ಐತಿ. ನಡುವ ನಾಕ ಬೆರಳ, ಅದೂ ಒಡ್ಡಿನ ಬುಡಕ ಕೂಡಿದ್ದು. ನಿಮ್ಮಪ್ಪನ ತಲಿ ಬೆಳ್ಳಗಾತು, ಅಲ್ಲಿ ಇಷ್ಟ ಕೂಡೇತಿ. ಎರಿ ಹೊಲದಾಗ ತಪ್ಪ ಮಾಡಿದ್ರ ಮುಂದಿನ ವರ್ಷ ತಿದ್ದಕೋಬಹುದು, ಇದು ಒಮ್ಮೆ ಹ್ವಾದ್ರ ಹ್ವಾತು. ಮತ್ತ ಆ ರಸ್ತಾ ಕೆಲಸದಾಂವ ಕಲ್ಲ ಫುಕಟ ಒಯ್ತೀನಿ ಅಂದ ಅಂತ ಖುಷಿ ಪಡಾಕತ್ತಿ? ಫುಕಟ ಒಯ್ಯಾಕ ಒಬ್ಬಾಂವ ಲಾರಿ ತರತಾನಂದ್ರ, ಅದು ಕಸ ಅಲ್ಲ ಅಂತ ನಿನಗ ತಿಳಿಬೇಕಿತ್ತು, ನನ್ನ ಮೊಮ್ಮಗ ನೀ. ಯಾವುದನ್ನ ಎತ್ತಿ ಒಗೀಬೇಕಂದ್ರೂ ಮೊದಲ ಅದರ ಬುಡಕ ಕೈ ಹಾಕಿ ನೋಡು, ಥಂಡ ಐತೇನು ಅಂತ. ಗೀತಾ, ಆ ಫೋನ ಕೊಡ ಅವನ ಕೈಯಾಗ. ಹಚ್ಚ, ನನ್ನ ಮುಂದ ಹಚ್ಚ. ಮಶೀನಿನಾಂವಗ ಬರಬ್ಯಾಡ ಅನ್ನು.