ಎಡಗಡೆಯ ರಿಂಗು

…ಇಲ್ಲ ಪುಟ್ಟಿ, ಕೈಗೆ ಹೊಡೀಬೇಕು ಅಂತ ಹೊಡೆದಿದ್ದಲ್ಲ. ಎಷ್ಟು ಸಲ ಹೇಳಲಿ? ಭುಜಕ್ಕೆ ಅಂತ ಬೀಸಿದೆ, ನಿನ್ನ ಗಂಡ ಕೈ ಅಡ್ಡ ತಂದ, ಬಿತ್ತು. ಅಷ್ಟೇ. ವ್ಹೀಲ್ ಸ್ಪ್ಯಾನರ್ ಅಂದ್ರೆ ಅಗರಬತ್ತಿ ಕಡ್ಡಿ ಅಲ್ಲವಲ್ಲ, ಬಿದ್ದ ಕಡೆ ಮೂಳೆ ಉಳಿಯುತ್ತಾ?

ಕೂತ್ಕೋ. ಆ ಸ್ಟೂಲ್ ಮೇಲೆ ಬೇಡ, ಅದರ ಕಾಲು ಅಲ್ಲಾಡುತ್ತೆ. ಟೈರ್ ಮೇಲೆ ಕೂತ್ಕೋ. ಬಂದಾಗಿಂದ ಒಂದು ಮಾತಿಲ್ಲ, ಕಥೆಯಿಲ್ಲ. ಮುಷ್ಟಿ ಬೇರೆ ಬಿಗಿ ಹಿಡ್ಕೊಂಡಿದ್ದೀಯ. ಏನು, ಅಣ್ಣನಿಗೆ ಗುದ್ದೋಕೆ ಬಂದಿದ್ದೀಯಾ? ಗುದ್ದು. ಚಿಕ್ಕವಳಿದ್ದಾಗ ಗುದ್ದುತ್ತಿದ್ದೆ ಅಲ್ವಾ, ನಿನ್ನ ಪಾಲಿನ ಬಿಸ್ಕತ್ತು ತಿಂದೆ ಅಂತ… ನಗೋದಿಲ್ಲ. ಸರಿ ಬಿಡು.

ಕಿವಿ ಮುಚ್ಕೋ, ಗ್ರೈಂಡರ್ ಹಾಕ್ತೀನಿ.

…ಹ್ಞಾ. ಏನು ನೋಡ್ತಿದ್ದೀಯ? ಹಿಂದಿನ ಆಕ್ಸಲ್ಲು. ಅದೇ ಗಾಡಿ, ಹೌದು, ಇಟ್ಟಿಗೆ ಮಾಲೀಕನ ಗಾಡಿ. ಬೇರಿಂಗ್ ಎರಡೂ ಕಡೆ ಹೊಸದು ಹಾಕು ಅಂದ, ಹಾಕ್ತಿದ್ದೀನಿ. ಎಡಗಡೆದು ಹೇಗೂ ಚಕ್ರದ ಜೊತೆ ಬೀದಿಗೆ ಹೋಯ್ತು. ಉಳಿದಿದ್ದು ಈ ಬಲಗಡೆದು, ಅದನ್ನೂ ಬಿಚ್ಚಿಬಿಡೋಣ ಅಂತ… ಚೆನ್ನಾಗಿದೆ, ಗೊತ್ತು. ಹಾಕಿ ಆರು ವಾರ ಆಗಿದೆ ಅಷ್ಟೇ, ಬೇರಿಂಗ್ ಬೆಣ್ಣೆ ಹಾಗೆ ತಿರುಗುತ್ತೆ. ಆದ್ರೂ ಮಾಲೀಕ ಹೇಳಿದ ಮೇಲೆ ಮಾಡಬೇಕಲ್ಲ. ಸಂಜೆ ತನಿಖೆಯವರು ಬರೋದ್ರೊಳಗೆ ಮುಗಿಸಬೇಕು.

ಹಾಗೆ ನೋಡಬೇಡ. ತನಿಖೆಗೂ ಇದಕ್ಕೂ ಸಂಬಂಧ ಇಲ್ಲ.

ನಿನಗೆ ಬಿಡಿಸಿ ಹೇಳ್ತೀನಿ, ಆಗಲಾದ್ರೂ ನಿನ್ನ ಗಂಡ ಮಾಡಿದ್ದೇನು ಅಂತ ಅರ್ಥ ಆಗಲಿ. ಈ ಕಂಬಿ ಇದೆ ನೋಡು, ಇದು ಶಾಫ್ಟು. ಈ ತುದಿಗೆ ಚಕ್ರ. ಇಲ್ಲಿ ಬೇರಿಂಗು. ಬೇರಿಂಗಿನ ಹಿಂದೆ ಈ ಉಕ್ಕಿನ ರಿಂಗು, ಮಗುವಿನ ಬಳೆಯಷ್ಟು, ದಪ್ಪಗೆ. ಇಡೀ ಚಕ್ರ ಗಾಡಿ ಬಿಟ್ಟು ಹೋಗದ ಹಾಗೆ ಹಿಡಿಯೋದು ಇದೊಂದೇ. ಇದನ್ನ ಚೆನ್ನಾಗಿ ಕಾಯಿಸಿ ಶಾಫ್ಟಿಗೆ ತೊಡಿಸ್ತೀವಿ. ಆರಿದ ಮೇಲೆ ಕಚ್ಚಿಕೊಳ್ಳುತ್ತೆ. ಎಂಥಾ ಕಚ್ಚು ಅಂತೀಯ! ಆಮೇಲೆ ತೆಗೀಬೇಕು ಅಂದ್ರೆ ಹೀಗೆ ಗ್ರೈಂಡರ್‌ನಲ್ಲಿ ಕೊರೆದು, ಉಳಿ ಇಟ್ಟು, ಸುತ್ತಿಗೆಯಲ್ಲಿ… ಹ್ಞೂ… ಹೀಗೆ… ಹೊಡೆದು ಒಡೀಬೇಕು. ಒಡೆದೇ ತೆಗೀಬೇಕು ಪುಟ್ಟಿ. ಪ್ರೆಸ್ಸಲ್ಲಿ ಒತ್ತಿ ಇಡಿಯಾಗಿ ತೆಗೆದು ಅದನ್ನೇ ಮತ್ತೆ ಹಾಕಿದ್ರೆ ಮುಗೀತು, ಹಿಡಿತ ಹೋಯ್ತು. ಹಳೇ ರಿಂಗು ಹಾಕೋನು ಮೆಕ್ಯಾನಿಕ್ ಅಲ್ಲ, ಕೊಲೆಗಾರ. ಅಪ್ಪ ಹೇಳ್ತಿದ್ದಿದ್ದು ನಿನಗೂ ನೆನಪಿದೆ.

ನಿನ್ನ ಗಂಡ ಅದನ್ನೇ ಮಾಡಿದ. ಆವತ್ತು, ರಿಪೇರಿ ದಿನ, ಅಂಗಡಿಯಲ್ಲಿ ಹೊಸ ರಿಂಗು ಒಂದೇ ಇತ್ತು. ಇನ್ನೊಂದು ನಾಳೆ ಬರುತ್ತೆ ಅಂದ್ರು. ಸಂಜೆಗೆ ಗಾಡಿ ಕೊಡ್ತೀನಿ ಅಂತ ನಾನು ಮಾಲೀಕನಿಗೆ ಮಾತು ಕೊಟ್ಟಿದ್ದೆ. ಕಾಯೋಣ, ಒಂದು ದಿನ ಕಾಯೋಣ ಅಂತ ಅವನು ಬಡ್ಕೊಂಡ, ನಾನು…

ಅಲ್ಲ. ನಾನು ಬಡ್ಕೊಂಡೆ. ಕಾಯೋಣ ಅಂದಿದ್ದು ನಾನು. ಅವನು ಕೇಳಲಿಲ್ಲ. ಬಾಯಿ ತಪ್ಪಿತು, ಬಿಸಿಲು ನೋಡು ಹೇಗಿದೆ, ಈ ತಗಡಿನ ಕೆಳಗೆ ತಲೆ ಕಾದು ಹೋಗುತ್ತೆ.

ಏನು? ಎಡಗಡೆ ನನ್ನದಲ್ವಾ ಅಂತನಾ? ಕಣ್ಣಲ್ಲೇ ಕೇಳ್ತೀಯಲ್ಲ ನೀನು. ಹೌದು, ಎಡಗಡೆ ನಂದು, ಬಲಗಡೆ ಅವನದು, ಹನ್ನೊಂದು ವರ್ಷದಿಂದ ಹಾಗೇ ನಡ್ಕೊಂಡು ಬಂದಿದೆ. ಆವತ್ತೊಂದು ದಿನ ಬದಲಾಯಿಸ್ಕೊಂಡ್ವಿ. ನನಗೆ ಸೊಂಟ ಹಿಡಿದಿತ್ತು. ಎಡಗಡೆ ಗೋಡೆ, ಇಕ್ಕಟ್ಟು, ಅಲ್ಲಿ ಬಗ್ಗೋಕೆ ಆಗಲ್ಲ ಅಂದೆ, ಭಾವ ಆ ಕಡೆ ಹೋದ. ಸಂಜೆ ಅವರು ಕೇಳಿದ್ರೆ ನೀನು ಇದೊಂದು ಮಾತು ಹೇಳು ಸಾಕು. ಬದಲಾಯಿಸ್ಕೊಂಡಿದ್ರು, ನಮ್ಮೆಜಮಾನ್ರೇ ಮನೇಲಿ ಹೇಳಿದ್ರು ಅಂತ. ಹೆಂಡತಿ ಬಾಯಲ್ಲಿ ಬಂದ್ರೆ ಯಾರೂ ಎರಡು ಮಾತಾಡಲ್ಲ.

ಎದ್ದು ಇಲ್ಲಿ ಬರಬೇಡ, ಕಿಡಿ ಸಿಡಿಯುತ್ತೆ. ಅಲ್ಲೇ ಇರು ಅಂದೆ!

ನೋಡಿದ್ಯಾ. ನೋಡಿಬಿಟ್ಟೆ.

ಗೀಟು. ಹೌದು, ಇದರ ಮೇಲೆ ಗೀಟಿದೆ. ನನ್ನ ಗುರುತು ಚುಕ್ಕಿ, ಅವನದು ಗೀಟು. ರಿಂಗು ತೊಡಿಸಿದೋನು ತನ್ನ ಗುರುತು ಪಂಚ್ ಹೊಡೀಬೇಕು, ನಾಳೆ ಒಬ್ಬರ ಮೇಲೊಬ್ಬರು ಹಾಕಬಾರದು, ಅಪ್ಪನ ಕಟ್ಟುನಿಟ್ಟು. ಹಾಗಾದ್ರೆ ಈ ಬಲಗಡೆದು ಅವನೇ ಹಾಕಿದ್ದು ಅಂತೀಯ. ಇರಬಹುದು. ಮೊದಲು ಇದನ್ನ ಹಾಕಿ ಆಮೇಲೆ ಆ ಕಡೆಗೂ ಅವನೇ ಹೋದ. ಎರಡೂ ಅವನೇ ಮಾಡಿದ. ನಂಗೆ ಸೊಂಟ ನೋವು ಅಂದೆನಲ್ಲ!

ತಿರುಗ್ಕೋ. ಕಣ್ಣಿಗೆ ಧೂಳು ಬೀಳುತ್ತೆ.

…ಆಯ್ತು. ಈಗ ಗೀಟೂ ಇಲ್ಲ, ಏನೂ ಇಲ್ಲ.

ಅಳ್ತಿದ್ದೀಯಾ? ಅಳಬೇಡ. ನೀನು ಆವತ್ತು ಆ ಬೀದಿಯಲ್ಲಿ ಇದ್ದಿದ್ರೆ ನನ್ನ ಕಾಲಿಗೆ ಬೀಳ್ತಿದ್ದೆ. ಇಳಿಜಾರು, ಗಾಡಿ ತುಂಬ ಇಟ್ಟಿಗೆ. ಚಕ್ರ ಶಾಫ್ಟ್ ಸಮೇತ ಹೊರಗೆ ಬಂದು ಓಡಿದೆ. ಮೂಲೆ ಮನೆ ದರ್ಜಿ ಜಗಲಿ ಮೇಲೆ ಮಿಷನ್ ತುಳೀತಾ ಕೂತಿದ್ದ. ಮಿಷನ್ನು, ದರ್ಜಿ, ಹಿಂದಿನ ಗೋಡೆ, ಎಲ್ಲಾ ಒಂದೇ ಗುಡ್ಡೆ. ಹೊಲೀತಿದ್ದ ಬಟ್ಟೆ ಸೂಜಿಯಲ್ಲೇ ಸಿಕ್ಕೊಂಡಿತ್ತು. ಯಾವುದೋ ಮಗುವಿನ ಅಂಗಿ. ಅವನ ಪಕ್ಕೆಯಿಂದ ಶಾಫ್ಟ್ ಎಳೆದು ತೆಗೆದಿದ್ದು ನಾನು. ಈ ಕೈಯಲ್ಲಿ. ಇನ್ನೂ ವಾಸನೆ ಹೋಗಿಲ್ಲ, ಸೀಮೆಎಣ್ಣೆ ಹಾಕಿ ತಿಕ್ಕಿದ್ರೂ ಹೋಗಿಲ್ಲ.

ಆಮೇಲೆ ಜನ. ಯಾರು ರಿಪೇರಿ ಮಾಡಿದ್ದು, ಯಾರು, ಯಾರು ಅಂತ. ಒಬ್ಬ ನನ್ನ ಕುತ್ತಿಗೆ ಪಟ್ಟಿ ಹಿಡಿದ, ಇನ್ನೊಬ್ಬ ಇಟ್ಟಿಗೆ ಎತ್ಕೊಂಡ. ಕೊಂದೇ ಹಾಕ್ತಿದ್ರು. ಆಗ ನಾನು ಯೋಚನೆ ಮಾಡಿದೆ, ಜನ ಹೊಡೆದ್ರೆ ಭಾವ ಉಳಿಯಲ್ಲ, ನಾನೇ ನಾಲ್ಕು ಬಿಟ್ರೆ ಅವರು ತಣ್ಣಗಾಗ್ತಾರೆ. ನಿನ್ನ ತಾಳಿ ಉಳಿಸೋಕೆ ಹೊಡೆದೆ ಪುಟ್ಟಿ. ‘ಇವನೇ, ಇವನೇ ಮಾಡಿದ್ದು’ ಅಂತ ಕೂಗಿ ಹೊಡೆದೆ. ಮೊದಲನೇ ಏಟಿಗೆ ಮಂಡಿ ಊರಿದ. ಜನ ಹಿಂದೆ ಸರಿದ್ರು. ಅಲ್ಲಿಗೆ ಮುಗೀತು.

ಮುಗೀಲಿಲ್ಲ, ಗೊತ್ತು. ನಾಲ್ಕು ಏಟು. ಡಾಕ್ಟರು ಎಣಿಸಿ ಹೇಳಿದ್ರಂತೆ.

ನಾಲ್ಕೂ ಬಲಗೈಗೇ ಯಾಕೆ ಅಂತ ಕೇಳಬೇಡ. ಅವನು ಕೈ ಎತ್ತಿದ. ನನ್ನ ಮೇಲೆ ಕೈ ಎತ್ತಿದ, ಹೆಣ್ಣು ಕೊಟ್ಟ ಭಾವ ಅನ್ನೋದೂ ನೋಡದೆ… ಹೊಡೆಯೋಕೆ ಅಲ್ವಾ? ಮತ್ತೆ ಯಾಕೆ ಎತ್ತಿದ? ನೀನು ಅಲ್ಲಿದ್ಯಾ? ಅವನು ಹೇಳಿದ್ನಾ ನಿನಗೆ? ಬಿದ್ದಾಗ ತಲೆ ಕಲ್ಲಿಗೆ ಬಡಿದಿದೆ, ಅವನಿಗೆ ಇನ್ನೂ ಜ್ಞಾನ ಬಂದಿಲ್ಲ ಅಂದ್ರಲ್ಲ ಆಸ್ಪತ್ರೆಯಲ್ಲಿ.

ಪುಟ್ಟಿ, ಆ ಕೈಯಲ್ಲೇನು?

ಅವಾಗಿಂದ ನೋಡ್ತಿದ್ದೀನಿ. ಬಿಚ್ಚು ನೋಡೋಣ. ಏನದು, ಔಷಧಿ ಚೀಟಿನಾ? ಬಿಚ್ಚು ಅಂದೆ.

…

ಎಲ್ಲಿ ಸಿಕ್ತು?

ಎಡಗಡೆ ರಿಂಗು ಚರಂಡಿಗೆ ಬಿತ್ತು ಅಂದ್ಕೊಂಡಿದ್ದೆ. ಮೂರು ದಿನ ಆ ಚರಂಡಿಯಲ್ಲಿ ಕೈ ಹಾಕಿ ಹುಡುಕಿದೀನಿ, ಗೊತ್ತಾ, ಮೊಣಕೈವರೆಗೂ… ಅವನ ಮುಷ್ಟಿಯಲ್ಲೇ ಇತ್ತಾ? ಅಷ್ಟು ಹೊಡೆದರೂ? ನರ್ಸಮ್ಮ ಬಿಡಿಸಿ ನಿನ್ನ ಕೈಗೆ ಕೊಟ್ಳಾ?

ಇಲ್ಲಿ ಕೊಡು. ಬೆರಳಿಟ್ಟು ತೋರಿಸಬೇಡ, ಕಾಣ್ಸುತ್ತೆ ನಂಗೆ. ಎರಡು ಚುಕ್ಕಿ. ಒಂದು ಹೋದ ವರ್ಷದ್ದು. ಇನ್ನೊಂದು ಆರು ವಾರದ ಹಿಂದಿನದು. ಹಳೇ ರಿಂಗು ಅಂತ ಗೊತ್ತಿದ್ದೂ ಕೈ ಅದರ ಪಾಡಿಗೆ ಅದು ಪಂಚ್ ಎತ್ಕೊಂಡು ಹೊಡೆದುಬಿಡ್ತು. ಅಪ್ಪ ಕಲಿಸಿದ ಅಭ್ಯಾಸ, ಹಾಳಾದ್ದು.

ಕೊಡು. ಹಿಂದೆ ಹೋಗಬೇಡ. ಕೊಡು ಅಂದೆ ಪುಟ್ಟಿ. ನೋಡು, ಈ ಸುತ್ತಿಗೆ ನನ್ನ ಕೈಯಲ್ಲಿದೆ, ನಿನ್ನ ಕೈಗೂ…

ಇಲ್ಲ. ಇಲ್ಲ, ತಗೋ, ಕೆಳಗಿಟ್ಟೆ. ನೋಡು, ಕೆಳಗಿಟ್ಟೆ.

ಹೆದರಬೇಡ. ಏನಾದ್ರೂ ಮಾತಾಡು. ಬೈ. ಉಗಿ ಬೇಕಾದ್ರೆ. ಸುಮ್ಮನೆ ಹಾಗೆ ನಿಂತ್ಕೋಬೇಡ ಮಾರಾಯ್ತಿ, ಅವನೂ ಹೀಗೇ ಸುಮ್ಮನೆ ನಿಂತಿದ್ದ. ರಸ್ತೆಯಿಂದ ಅದನ್ನ ಹೆಕ್ಕಿ, ತಿರುಗಿಸಿ ನೋಡಿ, ನನ್ನ ಮುಖ ನೋಡಿದ. ಜನಕ್ಕೆ ತೋರಿಸೋಕೆ ಅಂತ ಕೈ ಎತ್ತಿದ. ಬಿಡು ಅಂದೆ. ಅವನ ಕಿವಿಯ ಹತ್ರ ಮೆತ್ತಗೆ ಅಂದೆ, ಬಿಡು ಭಾವ, ಬಿಟ್ಬಿಡು ಅಂತ. ಪ್ರತಿ ಏಟಿಗೂ ಮೊದಲು ಅಂದೆ.

ಅವನು ಬಿಡಲಿಲ್ಲ ಪುಟ್ಟಿ. ಬಿಟ್ಟಿದ್ರೆ ನಾನು ಒಂದಕ್ಕೇ ನಿಲ್ಲಿಸ್ತಿದ್ದೆ.

ಎಲ್ಲಿ ಹೊರಟೆ? ಸಂಜೆವರೆಗೂ ಇಲ್ಲೇ ಇರು… ಪುಟ್ಟಿ, ಅದನ್ನ ಇಲ್ಲಿಟ್ಟು ಹೋಗು.