ಬಿಸಿಲಿಗಿಟ್ಟ ಎಣ್ಣೆ

ನಮ್ಮ ಚರ್ಚಿನ ಈ ಮೇಜಿನ ಮೇಲೆ ಒಂದು ಕಂದು ಬಣ್ಣದ ಸೀಸೆ ಇದೆ. ಕೀರ್ತನೆ ಹಾಡುವಾಗಲೂ ನಿಮ್ಮಲ್ಲಿ ಅರ್ಧ ಜನರ ಕಣ್ಣು ಅದರ ಮೇಲೇ ಇತ್ತು. ನಾನು ಓದಿದವನಲ್ಲ. ಆದರೆ ಜನರ ಕಣ್ಣು ಎತ್ತ ಹೋಗುತ್ತದೆ ಅನ್ನುವುದನ್ನು ಎಪ್ಪತ್ತು ವರ್ಷ ನೋಡಿ ಕಲಿತಿದ್ದೇನೆ. ಅದು ಕೆಮ್ಮಿನ ಔಷಧಿಯ ಸೀಸೆ. ಒಳಗೆ ಇರುವುದು ಔಷಧಿಯಲ್ಲ. ಏನಿದೆ ಅಂತ ಕಡೆಗೆ ಹೇಳುತ್ತೇನೆ, ಮೊದಲು ಕಥೆ ಕೇಳಿ.

ಒಂದೂರಲ್ಲಿ ಒಬ್ಬ ಸಿರಿವಂತನಿದ್ದ. ಯಾವ ಊರು ಅಂತ ಕೇಳಬೇಡಿ. ಹೇಳಿದರೆ ನೀವು ಅವನ ಮನೆ ಹುಡುಕಲು ಹೊರಡುತ್ತೀರಿ, ನಿಮ್ಮ ಮನೆ ಮರೆಯುತ್ತೀರಿ. ಅವನಿಗೆ ಶೇಂಗಾ ಎಣ್ಣೆಯ ಮಿಲ್ಲಿತ್ತು. ಅಪ್ಪನ ಕಾಲದಲ್ಲಿ ಎತ್ತು ಕಟ್ಟಿದ ಗಾಣ; ಇವನ ಕಾಲದಲ್ಲಿ ಮಶೀನು ಬಂತು, ಮನೆಯ ಮೇಲೆ ಮನೆ ಎದ್ದಿತು. ಸುಖವಾಗಿರಬೇಕಲ್ಲವೇ? ಇರಲಿಲ್ಲ. ಅವನಿಗೊಂದು ಹೆದರಿಕೆ. ಯಾರೋ ತನಗೆ ಮೋಸ ಮಾಡುತ್ತಿದ್ದಾರೆ ಅನ್ನುವ ಹೆದರಿಕೆ. ಹಾಲು ಬಂದರೆ ಒಂದು ಹನಿ ಉಗುರಿನ ಮೇಲೆ ಬಿಟ್ಟು ನೋಡುವನು. ಜೇನು ಬಂದರೆ ಬತ್ತಿ ಅದ್ದಿ ಹಚ್ಚಿ ನೋಡುವನು. ಉಪ್ಪು ತಂದರೆ ನೀರಿನಲ್ಲಿ ಕರಗಿಸಿ ನೋಡುವನು. ನೋಡಿ, ಉಪ್ಪನ್ನೂ ನಂಬದ ಮನುಷ್ಯ!

ಅವನಿಗೆ ಒಬ್ಬಳು ಅಕ್ಕ. ತಾಯಿ ತೀರಿಕೊಂಡಾಗ ಇವನಿಗೆ ಐದು ವರ್ಷ, ಅವಳಿಗೆ ಹದಿನಾರು. ಅವಳೇ ಸಾಕಿದಳು. ಒಂದೇ ತಾಟಿನಲ್ಲಿ ಉಣಿಸಿದಳು, ತನ್ನ ಕಡೆಯ ರೊಟ್ಟಿಯನ್ನು ಇವನ ಕಡೆ ಸರಿಸಿದಳು. ಮುಂದೆ ಅವಳ ಗಂಡ ತೀರಿಕೊಂಡ. ಮಕ್ಕಳಿರಲಿಲ್ಲ. ಗ್ರೀಸ್ ದೇಶದಲ್ಲಿ ಒಬ್ಬ ಮುದುಕಿಯನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು, ಹೋದಳು. ಹನ್ನೊಂದು ವರ್ಷ ಬರಲಿಲ್ಲ. ಹನ್ನೆರಡನೆಯ ವರ್ಷ, ಶಿವರಾತ್ರಿಯ ಹೊತ್ತಿಗೆ, ನಲವತ್ತು ದಿನದ ರಜೆ ಕೇಳಿ ಬಂದಳು. ಅರವತ್ತಮೂರು ವಯಸ್ಸು, ಎರಡೂ ಮೊಣಕಾಲು ಊದಿಕೊಂಡಿದ್ದವು. ಇನ್ನೊಮ್ಮೆ ಬರಲು ಆಗುವುದೋ ಇಲ್ಲವೋ ಅಂತ ಬಂದ ದಿನವೇ ಹೇಳಿದಳು.

ತಮ್ಮನಿಗೆ ತಂದದ್ದೇನು? ಬಂಗಾರವಲ್ಲ, ವಾಚಲ್ಲ. ಹಳೆಯ ಸೀರೆಯಲ್ಲಿ ಸುತ್ತಿದ, ಐದು ಲೀಟರಿನ ಒಂದು ತಗಡಿನ ಡಬ್ಬಿ.

“ಆಲಿವ್ ಎಣ್ಣಿ ತಮ್ಮಾ. ನಮ್ಮ ಮುದುಕಿ ಗಿಡದ್ದು. ನಾನೇ ಬಡದು ಉದುರಿಸೀನಿ. ಬುಡಕ್ಕ ಬಲೆ ಹಾಸಿ, ಕಾಯಿ ಇನ್ನಾ ಹಸರು ಇದ್ದಾಗ ಕೋಲಿಲೆ ಬಡದು, ಅವತ್ತಿಂದು ಅವತ್ತೇ ಗಾಣಕ್ಕ ಒಯ್ದೀವಿ. ಒಂದು ಮಾತು ಕೇಳು. ಇದನ್ನ ಬೆಳಕಿಗೆ ಇಡಬ್ಯಾಡ, ಒಲಿ ಬಾಜೂಕ ಇಡಬ್ಯಾಡ. ಬಾಯಿ ತಗದ ಮ್ಯಾಲೆ ಕಾಯ್ಕೋತ ಕುಂದರಬ್ಯಾಡ, ತಿಂದು ಮುಗಸು. ಬಿಸಿ ರೊಟ್ಟಿ ಮ್ಯಾಲೆ, ಸವತಿಕಾಯಿ ಪಚಡಿ ಮ್ಯಾಲೆ ಹಸೀದೇ ಹಾಕ್ಕೋಬೇಕು, ನಾವು ಹಿಂಡಿ ಚಟ್ನಿಗೆ ಎಣ್ಣಿ ಹಾಕ್ಕೊಂಡಂಗ. ಈ ರವಿವಾರ ನಾವಿಬ್ಬರೂ ಒಂದೇ ತಾಟಿನಾಗ ಉಣ್ಣೂಣು. ಸಣ್ಣವರಿದ್ದಾಗ ಉಂಡಂಗ.”

ಇಷ್ಟೇ ಅವಳ ಆಸೆ. ನೆನಪಿಟ್ಟುಕೊಳ್ಳಿ. ಒಂದು ತಾಟು, ಇಬ್ಬರು, ಒಂದು ಊಟ. ದಿನ ನಲವತ್ತು.

ಸಿರಿವಂತ ಡಬ್ಬಿಯ ಬಾಯಿ ತೆಗೆದು ಅಂಗೈಗೆ ನಾಲ್ಕು ಹನಿ ಬಿಟ್ಟು ನೆಕ್ಕಿದ. ಮೊದಲು ಆಗಷ್ಟೇ ಕೊಯ್ದ ಹುಲ್ಲಿನ ವಾಸನೆ. ಆಮೇಲೆ ನಾಲಿಗೆಗೆ ಕಹಿ. ಅದಾದ ಮೇಲೆ ಗಂಟಲೊಳಗೆ ಕಾಳುಮೆಣಸು ಕಡಿದ ಹಾಗೆ ಚುರ್ ಅಂತು. ಎರಡು ಸಲ ಕೆಮ್ಮಿದ, ಕಣ್ಣಲ್ಲಿ ನೀರು ಬಂತು.

“ಹಾಂ, ಹಂಗ ಹಿಡೀಬೇಕು,” ಅಂತ ಅಕ್ಕ ನಕ್ಕಳು.

ಅವನು ನಗಲಿಲ್ಲ. ಡಬ್ಬಿಯನ್ನು ದೂರ ಸರಿಸಿದ. ಯಾಕೆ? ಶೇಂಗಾ ಎಣ್ಣೆ ಗಂಟಲು ಹಿಡಿದರೆ ಅದು ಕೆಟ್ಟ ಎಣ್ಣೆ. ಮೂವತ್ತು ವರ್ಷ ಮಿಲ್ಲಿನಲ್ಲಿ ಕುಳಿತು ಕಲಿತ ಪಾಠ ಅದು. ಪಾಠ ಸುಳ್ಳಲ್ಲ, ಸ್ವಾಮಿ. ಆದರೆ ಅದು ಶೇಂಗಾದ ಪಾಠ. ಎಲ್ಲ ಎಣ್ಣೆಗೂ ಒಂದೇ ಪಾಠವೇ? ಎಲ್ಲ ಮನುಷ್ಯರಿಗೂ ಒಂದೇ ಅಳತೆಗೋಲೇ?

ಮರುದಿನ ಒಂದು ಲೋಟದಲ್ಲಿ ಆ ಎಣ್ಣೆ ತೆಗೆದುಕೊಂಡು ಔಷಧಿ ಅಂಗಡಿಗೆ ಹೋದ. ಅಂಗಡಿಯವನು ಮೂಸಿ ನೋಡಿದ, ಬೆಳಕಿಗೆ ಹಿಡಿದು ನೋಡಿದ, ತಲೆಯಾಡಿಸಿದ. ಕಪಾಟಿನಿಂದ ಅಂಗೈ ಅಗಲದ ಒಂದು ಡಬ್ಬಿ ತೆಗೆದಿಟ್ಟ.

“ಸಾವ್ಕಾರ್ರ, ಆಲಿವ್ ಎಣ್ಣಿ ಅಂದ್ರ ಇದು ನೋಡ್ರಿ. ಕೂಸಿಗೆ ತಿಕ್ಕೂದು. ರುಚಿ ಇಲ್ಲ, ವಾಸನಿ ಇಲ್ಲ, ನೀರಿನಂಗ. ನಿಮ್ಮದು ಹಸರು ಐತಿ. ಬಣ್ಣಾ ಬೆರಸ್ಯಾರೇನೋ.”

“ತಿನ್ನಾಕ ಅಂತ ಕೊಟ್ಟಾಳಲ್ಲೋ ನಮ್ಮಕ್ಕ?”

“ಕೂಸಿಗೆ ತಿಕ್ಕೂದನ್ನ ರೊಟ್ಟಿಗೆ ಹಚಗೋತೀರೇನ್ರಿ? ಹಂಗಾದ್ರ ಮ್ಯಾಲೆ ಒಂದೀಟು ಪೌಡರ್‌ನೂ ಉದುರಿಸ್ಕೋರಿ!”

ನೀವು ನಗುತ್ತೀರಿ. ಜ್ಞಾನಮಿತ್ರಪ್ಪ, ನೀನಂತೂ ಜೋರಾಗಿ ನಗುತ್ತಿದ್ದೀ. ಆದರೆ ಹೇಳು, ನಮ್ಮಲ್ಲಿ ಎಷ್ಟು ಜನ ಆಲಿವ್ ಎಣ್ಣೆ ಅಂದರೆ ಕೂಸಿನ ಮೈಗೆ ತಿಕ್ಕುವುದು ಅಂತಲೇ ತಿಳಿದಿಲ್ಲ? ತಿಳಿಯದ್ದು ತಪ್ಪಲ್ಲ. ಹನ್ನೊಂದು ವರ್ಷ ಆ ಗಿಡದ ಕೆಳಗೆ ನಿಂತವಳು ಮನೆಯಲ್ಲಿ ಕುಳಿತಿರುವಾಗ, ಅವಳನ್ನು ಬಿಟ್ಟು ಅಂಗಡಿಯವನನ್ನು ಕೇಳಲು ಹೋದದ್ದು ತಪ್ಪು.

ಮೊದಲನೆಯ ರವಿವಾರ ಬಂತು. “ಇವತ್ತು ಉಣ್ಣೂಣೇನೋ?” ಅಂದಳು ಅಕ್ಕ.

“ತಡಿ ಅಕ್ಕಾ. ಎಣ್ಣಿ ಒಂದೀಟು ತಿಳಿಯಾಗ್ಲಿ.”

ಏನು ಮಾಡಿದ್ದ ಗೊತ್ತೇ? ನಮ್ಮ ಕಡೆ ಗಾಣದವರಲ್ಲಿ ಒಂದು ಪದ್ಧತಿ ಇತ್ತು, ನಾನು ಚಿಕ್ಕವನಿದ್ದಾಗ ಕಣ್ಣಾರೆ ನೋಡಿದ್ದು. ಹೊಸ ಎಣ್ಣೆ ತೆಗೆದ ಕೂಡಲೇ ಬಿಸಿಲಿಗಿಡುತ್ತಿದ್ದರು. ಬಿಸಿಲಿಗೆ ಗಸಿ ತಳಕ್ಕೆ ಕೂಡುತ್ತದೆ, ಮೇಲೆ ಬಂಗಾರದಂಥ ತಿಳಿ ಎಣ್ಣೆ ನಿಲ್ಲುತ್ತದೆ. ಇವನೂ ಹಾಗೇ ಮಾಡಿದ. ಡಬ್ಬಿಯಲ್ಲಿದ್ದದ್ದನ್ನೆಲ್ಲ ಗಾಜಿನ ಬರಣಿಗಳಿಗೆ ಸುರಿದು, ಮನೆಯ ತಾರಸಿಗೆ ಒಯ್ದು ಗಚ್ಚಿನ ಮೇಲೆ ಸಾಲಾಗಿ ಇಟ್ಟ. ಅಕ್ಕನಿಗೆ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಎಣ್ಣೆ ಎಲ್ಲಿದೆ ಅಂತ ಕೇಳಿದರೆ, “ಚೊಲೋ ಜಾಗಾದಾಗ ಐತಿ ಬಿಡು” ಅಂದ.

ದಿನಕ್ಕೆ ಹತ್ತು ಸಲ ಹತ್ತುವನು, ಇಳಿಯುವನು. ಬರಣಿಯನ್ನು ಎತ್ತಿ ನೋಡುವನು. ಇನ್ನೂ ಹಸಿರಿದೆಯಲ್ಲಾ! ಬೆರಳದ್ದಿ ನೆಕ್ಕುವನು. ಇನ್ನೂ ಹಿಡಿಯುತ್ತದಲ್ಲಾ! ಉಂಡು ಏನಾದರೂ ಆದರೆ? ಅಕ್ಕನಿಗೇ ಯಾರಾದರೂ ಕೆಟ್ಟದ್ದನ್ನು ದಾಟಿಸಿದ್ದರೆ? ಇಲ್ಲಾ, ಅಕ್ಕನೇ ಅಗ್ಗದ್ದನ್ನು ತಂದು ಗಿಡದ ಕಥೆ ಕಟ್ಟಿದ್ದರೆ? ನೋಡಿ, ಹೆದರಿಕೆ ಎಲ್ಲಿಗೆ ಹೋಗಿ ನಿಂತಿತು. ತುತ್ತಿಟ್ಟ ಕೈಯ ಬಳಿಯೇ ಹೋಗಿ ನಿಂತಿತು.

ಎರಡನೆಯ ರವಿವಾರ. “ತಡಿ ಅಕ್ಕಾ.” ಮೂರನೆಯ ರವಿವಾರ. “ಇನ್ನೊಂದೀಟು ತಡಿ.” ಐದನೆಯ ರವಿವಾರ ಅವಳು ಕೇಳಲೇ ಇಲ್ಲ. ಕೇಳುವವರು ಕೇಳುವುದನ್ನು ಬಿಟ್ಟರೆ, ಅಲ್ಲಿ ಹೆದರಬೇಕು. ಅವನು ಅಲ್ಲಿ ಹೆದರಲಿಲ್ಲ. ಬರಣಿಗೆ ಹೆದರುತ್ತ ಕುಳಿತಿದ್ದ.

ಮೂವತ್ತೊಂಬತ್ತನೆಯ ದಿನ ಗಚ್ಚಿನಿಂದ ಓಡುತ್ತ ಇಳಿದು ಬಂದ. ಮುಖ ಅರಳಿತ್ತು. ಎಣ್ಣೆ ಹಳದಿಯಾಗಿತ್ತು. ಕಹಿ ಹೋಗಿತ್ತು. ಗಂಟಲು ಹಿಡಿಯುತ್ತಿರಲಿಲ್ಲ. “ಅಕ್ಕಾ, ಈಗ ಶುದ್ಧಾತು! ಬಾ, ಉಣ್ಣೂಣು!”

ಬಿಸಿ ರೊಟ್ಟಿ ಬಂತು, ಪಚಡಿ ಬಂತು, ಒಂದೇ ತಾಟು ಬಂತು. ತಾನೇ ಕೈಯಾರೆ ಎಣ್ಣೆ ಸುರಿದ. ಅಕ್ಕ ಒಂದು ತುತ್ತು ಬಾಯಿಗಿಟ್ಟಳು. ಅಗಿಯುವುದು ನಿಂತಿತು.

“ಎಲ್ಲಿಟ್ಟಿದ್ದಿ ಇದನ್ನ?”

“ಗಚ್ಚಿನ ಮ್ಯಾಲೆ. ಬಿಸಲಾಗ. ನೋಡು, ಒಂದೀಟೂ ಹಿಡಿಯೂದಿಲ್ಲ.”

“ಹಿಡೀತಿತ್ತಲ್ಲೋ, ಅದೇ ಅದರ ಜೀಂವಾ ಆಗಿತ್ತು.” ಅವಳು ತುತ್ತನ್ನು ಉಗುಳಲಿಲ್ಲ, ನುಂಗಿದಳು. “ಈಗ ಹಳೇ ಮೇಣದ ವಾಸನಿ ಬರಾಕತ್ತೈತಿ. ಇದು ಸತ್ತ ಎಣ್ಣಿ, ತಮ್ಮಾ. ನಾಳೆ ಮಧ್ಯಾಹ್ನ ನಾ ಹೊಂಟೆ.”

ಅವನು ತನ್ನ ತುತ್ತನ್ನು ಮೂಸಿ ನೋಡಿದ.

ಅಕ್ಕ ಮೆಲ್ಲಗೆ ಕೇಳಿದಳು: “ಒಂದು ಹೇಳು. ಎಣ್ಣಿ ನಂಬಲಿಲ್ಲೋ, ನನ್ನ ನಂಬಲಿಲ್ಲೋ?”

ತುತ್ತನ್ನು ತಾಟಿಗೆ ಹಿಂದಿಟ್ಟ. ಆಮೇಲೆ, ಯಾವತ್ತೂ ಯಾರ ಮುಂದೆಯೂ ಹೇಳದ್ದನ್ನು ಹೇಳಿದ.

“ಅಕ್ಕಾ, ನಾನೇ ಬೆರಸ್ತೀನಿ. ಹತ್ತು ಡಬ್ಬಿ ಶೇಂಗಾ ಎಣ್ಣಿಗೆ ಮೂರು ಡಬ್ಬಿ ಪಾಮ್ ಎಣ್ಣಿ. ಹದಾ ಮಾಡೂದು ಅಂತೀವಿ ನಾವು ಅದಕ್ಕ. ಇಪ್ಪತ್ತು ವರ್ಸ ಆತು. ಶುದ್ಧ ಅಂತ ಚೀಟಿ ಹಚ್ಚಿ ಮಾರೀನಿ. ಹಿಂಗಾಗಿ ಯಾರರ ಶುದ್ಧ ಅಂದ್ರ ನನ್ನ ಕಿವೀನೇ ಒಪ್ಪೂದಿಲ್ಲ.”

ಕೇಳಿದಿರಾ? ಅವನಿಗೆ ಲೋಕದ ಹೆದರಿಕೆ ಇರಲಿಲ್ಲ. ತನ್ನ ಕೈಯ ಹೆದರಿಕೆ ಇತ್ತು. ತನ್ನ ಕೈ ಏನು ಮಾಡುತ್ತದೆ ಅಂತ ಗೊತ್ತಿತ್ತು. ಹಾಗಾಗಿ ಎಲ್ಲರ ಕೈಯೂ ಅದನ್ನೇ ಮಾಡುತ್ತದೆ ಅಂದುಕೊಂಡಿದ್ದ.

ಆಗ ಅಡುಗೆ ಮಾಡುವ ಹೆಂಗಸು ಒಳಗಿನಿಂದ ಬಂದಳು. ಸೆರಗಿನೊಳಗೆ ಏನೋ ಹಿಡಿದಿದ್ದಳು. “ಬೈಯಬ್ಯಾಡ್ರಿ ಸಾವ್ಕಾರ್ರ. ಬಂದ ದಿನ ಡಬ್ಬಿ ಬಾಯಿ ತಗದ ಕೂಡ್ಲೇ ಅಕ್ಕಾರು ನನಗೊಂದು ಸೀಸಾ ತುಂಬಿ ಕೊಟ್ಟಿದ್ರು. ಜ್ವಾಳದ ಡಬ್ಬಿಯೊಳಗ ಮುಚ್ಚಿ ಇಟ್ಟಿದ್ದೆ. ದಿನಾ ಎರಡು ಹನಿ ರೊಟ್ಟಿಗೆ ಹಾಕ್ಕೊಂಡು, ಕೆಮ್ಮಿ, ನಕ್ಕು ತಿಂದೀನ್ರಿ. ತಳದಾಗ ಒಂದು ಬಟ್ಟು, ಬೆರಳಗಲ ಉಳದೈತಿ.”

ಅವಳಿಗೂ ಗಂಟಲು ಹಿಡಿದಿತ್ತು, ಇವನಿಗೂ ಹಿಡಿದಿತ್ತು. ಕೊಟ್ಟವಳ ಮುಖ ನೋಡಿ ಅವಳು ತಿಂದಳು. ಇವನು ಬರಣಿ ನೋಡುತ್ತ ಕುಳಿತ. ಫರಕು ಇಷ್ಟೇ.

ಆ ಒಂದು ಬಟ್ಟು ಎಣ್ಣೆಯನ್ನು ತಾಟಿಗೆ ಸುರಿದರು. ರೊಟ್ಟಿ ಮುರಿದು ಮೂವರೂ ಒಂದೊಂದು ತುತ್ತು ತಿಂದರು. ಅವನು ಕೆಮ್ಮಿದ. ಕಣ್ಣಲ್ಲಿ ನೀರು ಬಂತು, ಈ ಸಲ ಒರೆಸಿಕೊಳ್ಳಲಿಲ್ಲ. “ಕೆಮ್ಮೋ, ಕೆಮ್ಮು,” ಅಂತ ಅಕ್ಕ ಅವನ ಬೆನ್ನು ಸವರಿದಳು, ಐದು ವರ್ಷದವನಿಗೆ ಸವರಿದ ಹಾಗೆ. ಮರುದಿನ ಮಧ್ಯಾಹ್ನ ಹೋದಳು. ನಲವತ್ತು ದಿನ ಇತ್ತು. ಸಿಕ್ಕಿದ್ದು ಒಂದು ತುತ್ತು. ಮತ್ತೆ ಬರಲು ಅವಳ ಕಾಲು ಬಿಡಲಿಲ್ಲ.

ಅವನು ಮಿಲ್ಲಿನಲ್ಲಿ ಬೆರೆಸುವುದನ್ನು ನಿಲ್ಲಿಸಿದ. ಏನಾಯಿತು ಗೊತ್ತೇ? ಗಿರಾಕಿಗಳು ಡಬ್ಬಿ ವಾಪಸು ತಂದರು. “ಮೊದಲಿನಂಗಿಲ್ಲ, ಶೇಂಗಾದ ವಾಸನಿ ಬರಾಕತ್ತೈತಿ!” ಇಪ್ಪತ್ತು ವರ್ಷ ಸುಳ್ಳನ್ನು ಉಣಿಸಿದರೆ ನಾಲಿಗೆಗೆ ನಿಜವೇ ಕೆಟ್ಟದ್ದಾಗುತ್ತದೆ. ಅರ್ಧ ಗಿರಾಕಿಗಳು ಹೋದರು. ಹೋಗಲಿ ಅಂದ.

ಈಗ ನಿಮ್ಮ ಕಡೆ ಬರುತ್ತೇನೆ. ಓಡಿಹೋಗಬೇಡಿ.

ಎಸ್ತೇರವ್ವ ಹೋದ ವಾರ ಕೇಳಿದಳು, “ಅಜ್ಜಾರ, ಪ್ಯಾಟಿಯಾಗ ಆಲಿವ್ ಎಣ್ಣಿ ಹತ್ತು ನಮೂನಿ ಇರತಾವ, ಯಾವುದು ತರಬೇಕ್ರಿ?” ತಂಗೀ, ನನಗೆ ಗೊತ್ತಿರುವುದು ಆ ಅಕ್ಕ ಹೇಳಿದ್ದಷ್ಟೇ. ಕಪ್ಪು ಸೀಸೆಯಲ್ಲೋ ತಗಡಿನಲ್ಲೋ ಇರುವುದನ್ನು ತಾ; ಗಾಜಿನೊಳಗೆ ಹೊಳೆಯುತ್ತ ಬೆಳಕಿನಲ್ಲಿ ನಿಂತದ್ದನ್ನು ಬಿಡು. ಎಕ್ಸ್‌ಟ್ರಾ ವರ್ಜಿನ್ ಅಂತ ಬರೆದಿರಬೇಕು. ಲೈಟ್ ಅಂತ ಬರೆದಿದ್ದರೆ ಅದು ಬೇರೆ, ರುಚಿ ತೆಗೆದದ್ದು. ಗ್ರೀಸಿನದು ಬೇಕಾದರೆ ಕಾಯಿ ಎಲ್ಲಿ ಬೆಳೆಯಿತು, ಯಾವ ವರ್ಷ ಕೊಯ್ದರು ಅಂತ ಮಗಳಿಂದ ಓದಿಸು. ನಾಲ್ಕಾರು ದೇಶದ ಹೆಸರು ಒಟ್ಟಿಗೆ ಇದ್ದರೆ ಅದು ಒಂದು ಗಿಡದ ಮಾತಲ್ಲ. ಚಿಕ್ಕದನ್ನೇ ತಾ, ಕತ್ತಲಲ್ಲಿಡು, ಬೇಗ ಮುಗಿಸು. ಹಬ್ಬಕ್ಕೆ ಅಂತ ಎತ್ತಿಡಬೇಡ; ಅದು ಉಪ್ಪಿನಕಾಯಿಯಲ್ಲ, ಇಟ್ಟಷ್ಟೂ ಬಲಿಯುವುದಿಲ್ಲ.

ಎಣ್ಣೆಯ ಮಾತು ಮುಗಿಯಿತು. ನನ್ನ ಹೆದರಿಕೆ ಮುಗಿದಿಲ್ಲ. ನೀವು ಯಾರನ್ನು ಬಿಸಿಲಿಗಿಟ್ಟಿದ್ದೀರಿ? ಮನೆಗೆ ಬಂದ ಸೊಸೆಯ ಮಾತು ಸ್ವಲ್ಪ ಖಾರವಾಗಿದೆ ಅಂತ ಅವಳನ್ನು ಎಷ್ಟು ವರ್ಷದಿಂದ ಗಚ್ಚಿನ ಮೇಲೆ ಇಟ್ಟಿದ್ದೀರಿ? ಹಿತ ಹೇಳಿದ ಅಣ್ಣನ ಮಾತು ಗಂಟಲು ಹಿಡಿಯಿತು ಅಂತ ಎಷ್ಟು ರವಿವಾರ “ತಡಿ” ಅಂದಿರಿ? ಅವಳು ಸಪ್ಪಗಾದ ದಿನ, ಅವನು ಸುಮ್ಮನಾದ ದಿನ, “ಈಗ ಸುಧಾರಿಸಿದರು” ಅಂತ ಖುಷಿಪಟ್ಟಿರಲ್ಲ? ಸುಧಾರಿಸಲಿಲ್ಲ. ಸತ್ತದ್ದು ನಿಮಗೆ ತಿಳಿಯಲಿಲ್ಲ.

ನಾಳೆಯಿಂದ ಇದನ್ನು ಮಾಡಿ. ಹಾಲಿಗೆ ನೀರು ಬೆರೆಸುವವರು ನಿಲ್ಲಿಸಿ, ಮಾತಿಗೆ ಸುಳ್ಳು ಬೆರೆಸುವವರು ನಿಲ್ಲಿಸಿ. ಮೊದಲು ನಿಮ್ಮ ಕೈ ನಿಲ್ಲಲಿ, ಆಮೇಲೆ ಬೇರೆಯವರ ಕೈ ನಂಬಲು ಬರುತ್ತದೆ. ಯಾರಾದರೂ ನಿಮ್ಮನ್ನು ಊಟಕ್ಕೆ ಕರೆಯುವುದನ್ನು ಬಿಟ್ಟಿದ್ದಾರೋ ನೆನಪು ಮಾಡಿಕೊಳ್ಳಿ. ಈ ವಾರ ನೀವೇ ಹೋಗಿ, ಅವರ ತಾಟಿನಲ್ಲಿ ಉಣ್ಣಿರಿ. ಮುಂದಿನ ರವಿವಾರ ಅನ್ನಬೇಡಿ. ಅವರ ನಲವತ್ತು ದಿನದಲ್ಲಿ ಇವತ್ತು ಎಷ್ಟನೆಯದು ಅಂತ ನಿಮಗೇನು ಗೊತ್ತು?

ಈಗ ಈ ಸೀಸೆ. ಆ ಅಕ್ಕ ಇವತ್ತಿಗೂ ವರ್ಷಕ್ಕೊಂದು ಡಬ್ಬಿ ಕಳಿಸುತ್ತಾಳೆ. ಬಂದ ದಿನವೇ ಅವನು ಬಾಯಿ ತೆಗೆದು ಊರಿಗೆಲ್ಲ ಹಂಚುತ್ತಾನೆ, ಒಂದು ಸೀಸೆ ಇಲ್ಲಿಗೂ ಬಂತು. ಅವನು ಕೊಟ್ಟ, ನಾನು ಪರೀಕ್ಷೆ ಮಾಡಲಿಲ್ಲ. ಹಿಂದಿನ ಬೆಂಚಿನವರು ಮುಂದೆ ಬನ್ನಿ. ರೊಟ್ಟಿ ಇದೆ, ಎರಡೆರಡು ಹನಿ ಬರುತ್ತದೆ. ಗಂಟಲು ಹಿಡಿಯುತ್ತದೆ, ಹೆದರಬೇಡಿ. ಕೆಮ್ಮಿರಿ.