ಹಿಂದಿನ ಸೀಟಿನಲ್ಲಿ ಯಾರೂ ಕೂರುವುದಿಲ್ಲ

ಅಲ್ಲಯ್ಯಾ, ಮುಂದೆ ಬಂದು ಕೂತ್ಕೋ ಅಂದರೆ ಹಿಂದೆ ಹೋಗಿ ಕೂತೆಯಲ್ಲ! ನಾನೇನು ನಿನ್ನ ಡ್ರೈವರಾ? ಇಲ್ಲಿ ಬಾ, ಈ ಸೀಟು ಖಾಲಿ ಬಿದ್ದಿದೆ... ಬರಲ್ಲ? ಕೈ ಕಟ್ಕೊಂಡು ಅಲ್ಲೇ ಕೂರ್ತೀಯ? ಸರಿ ಬಿಡು. ನನ್ನ ಹೆಂಡತಿ ಸುಮ್ಮನೆ ಹೇಳ್ತಾಳಾ, ತನ್ನ ತಂಗಿ ಗಂಡ ಗುಮ್ಮನಗುಸುಕ ಅಂತ. ನಿನ್ನ ಮದುವೆ ದಿನದಿಂದ ನೋಡ್ತಾ ಇದೀನಿ, ಹನ್ನೊಂದು ವರ್ಷಕ್ಕೆ ಹನ್ನೊಂದು ಮಾತು ಆಡಿದ್ದರೆ ಹೆಚ್ಚು. ನಾನು ಮಾರಿದ ಗಾಡಿ ಮೇಲೆ ದೂರು ಹೇಳೋಕೆ ಮಾತ್ರ ನಾಲಿಗೆ ಬಂತು ನೋಡು! ಮೂರು ವಾರದಲ್ಲಿ ನಾಲ್ಕು ಫೋನು. 'ಸದ್ದು ಬರ್ತಿದೆ.' ಅಷ್ಟು ಹೇಳಿ ನೀನು ಇಟ್ಟುಬಿಟ್ಟೆ. ಮತ್ತೆ, 'ಸದ್ದು ಬರ್ತಿದೆ.'

ಗಾಡಿ ಅಂಗಡಿಯಲ್ಲಿ ಬಿಟ್ಟು ಹೋಗು, ಸಂಜೆ ಬಾ, ನೋಡಿಡ್ತೀನಿ ಅಂದೆ. ಅದಕ್ಕೂ ಒಪ್ಪಲಿಲ್ಲ. ಬೀಗದ ಕೈ ಬಿಡೋಕೂ ಭಯ, ಸ್ವಂತ ಷಡ್ಡಕನ ಹತ್ತಿರ! ಆಗಲಿ, ಬೆಲ್ಟ್ ಹಾಕ್ಕೋ. ಗುಡ್ಡದ ತನಕ ಹೋಗಿ ಬರೋಣ. ಹೈಬ್ರಿಡ್ ಅಂದರೆ ಏನು, ಅದು ಎಲ್ಲಿ ಕೂಗುತ್ತೆ, ಎಲ್ಲಿ ಬಾಯಿ ಮುಚ್ಚುತ್ತೆ, ಇವತ್ತು ನಿನಗೆ ಅಕ್ಷರಾಭ್ಯಾಸ ಮಾಡಿಸ್ತೀನಿ.

ಏನು ಹಾಗೆ ಕಿಟಕಿ ಕಡೆ ನೋಡ್ತೀಯ? ಇಲ್ಲಿ ಕೇಳು. ಇದರ ಹೊಟ್ಟೆಯಲ್ಲಿ ಎರಡು ಇದಾವೆ. ಒಂದು ಪೆಟ್ರೋಲ್ ಎಂಜಿನ್ನು, ಒಂದು ಕರೆಂಟಿನ ಮೋಟರು. ಮೆತ್ತಗೆ ಹೋಗುವಾಗ ಮೋಟರು ಎಳೆಯುತ್ತೆ, ಪಿಟಕ್ ಅನ್ನಲ್ಲ. ಜೋರು ಬೇಕು ಅಂದಾಗ ಎಂಜಿನ್ನು ಎದ್ದು ಬರುತ್ತೆ. ಅಷ್ಟೇ. ಇಷ್ಟಕ್ಕೆ ಜನ ಎಷ್ಟು ತಲೆ ಕೆಡಿಸ್ಕೋತಾರೆ ಅಂತೀಯ! ಒಬ್ಬ ಬಂದಿದ್ದ, ಪಿಂಚಣಿದಾರ. ಬಟನ್ ಒತ್ತಿದ, ಸದ್ದು ಬರಲಿಲ್ಲ. ಮತ್ತೆ ಒತ್ತಿದ. ಆಫ್ ಆಯಿತು. ಮತ್ತೆ ಒತ್ತಿದ. ಅರ್ಧ ಗಂಟೆ ಹಂಗೇ ಒತ್ತುತ್ತಾ ಕೂತು, 'ಗಾಡಿ ಸ್ಟಾರ್ಟೇ ಆಗ್ತಿಲ್ಲ, ಮೋಸ!' ಅಂತ ನನ್ನ ಮೇಲೆ ಕೂಗಾಡಿದ. ಇನ್ನೊಬ್ಬ, ಬಟ್ಟೆ ಅಂಗಡಿಯವನು, ಸದ್ದಿಲ್ಲ ಅಂದರೆ ಆಫ್ ಆಗಿದೆ ಅಂದ್ಕೊಂಡು ಇಳಿದು ಹೋಗಿ ಎರಡು ದಿನ ಶೆಡ್ಡಿನಲ್ಲಿ ಹಾಗೇ ಬಿಟ್ಟಿದ್ದ. ಇಂಥವರಿಗೆಲ್ಲ ಮೂವತ್ತು ವರ್ಷದಿಂದ ಹಳೇ ಗಾಡಿ ಮಾರಿದೀನಿ. ಸದ್ದು ಬಂದರೆ ಯಾಕೆ ಬಂತು, ಬರದಿದ್ದರೆ ಯಾಕೆ ಬರಲಿಲ್ಲ!

ನೋಡು, ಈಗ ಸಂದಿ. ಇಲ್ಲಿ ಎಂಜಿನ್ ನಿಂತುಹೋಗುತ್ತೆ. ಕಿವಿ ಕೊಡು... ನಿಲ್ಲುತ್ತೆ ಈಗ...

ಹ್ಞಾಂ, ಏಸಿ! ಏಸಿ ಹಾಕಿದೀನಲ್ಲ, ಅದಕ್ಕೇ ಓಡ್ತಿದೆ. ಆಫ್ ಮಾಡಿದೆ. ಈಗ ನೋಡು.

...ತಾಳಯ್ಯಾ, ಅದೇನು ನಿನ್ನ ಮಾವನ ಮನೆ ಆಳಾ, ಹೇಳಿದ ತಕ್ಷಣ ಸುಮ್ಮನಾಗೋಕೆ? ಬ್ಯಾಟರಿ ಇಳಿದಿರಬೇಕು, ತುಂಬಿಸ್ಕೋತಾ ಇದೆ. ನೀನು ಓಡಿಸೋ ಶೈಲಿ ಅದು. ಹನ್ನೆರಡು ವರ್ಷ ಆ ಡೀಸೆಲ್ ಡಬ್ಬಾ ವ್ಯಾನು ಓಡಿಸಿ ಕಾಲು ಕಬ್ಬಿಣ ಆಗಿದೆ ನಿನಗೆ. ಆ ವ್ಯಾನಿನಲ್ಲಿ ಪಕ್ಕದಲ್ಲಿ ಕೂತವರ ಮಾತು ಕೇಳಿಸ್ತಿರಲಿಲ್ಲ, ಹಲ್ಲು ಹಲ್ಲು ತಾಗ್ತಿತ್ತು. ಆಗ ಎಲ್ಲಿ ಹೋಗಿತ್ತು ಈ ಕಿವಿ? ಈಗ ಹೆರಿಗೆ ಆಸ್ಪತ್ರೆ ಡಾಕ್ಟರಮ್ಮ ಒಂದು ಮಾತು ಅಂದಳು, ಸಾಹೇಬರಿಗೆ ಸಂಗೀತದ ಕಿವಿ ಬಂದುಬಿಟ್ಟಿತು.

ಗೊತ್ತಯ್ಯಾ, ಗೊತ್ತು. ಬಾಣಂತಿಯರನ್ನ, ಎಳೇ ಕೂಸುಗಳನ್ನ ಮನೆಗೆ ಬಿಡೋ ಕೆಲಸ. ಸದ್ದಿಲ್ಲದ ಗಾಡಿ ಬೇಕು ಅಂದಳು, ಅದಕ್ಕೇ ನೀನು ವ್ಯಾನು ಮಾರಿ ಇದನ್ನ ತಗೊಂಡೆ. ಮೊನ್ನೆ ಅವಳೇ ಹತ್ತಿ ಕೂತು, 'ಇದು ವ್ಯಾನಿಗಿಂತ ಕಡೆ. ಮೂರು ದಿನದಲ್ಲಿ ಸರಿ ಮಾಡಿಸಿ ತಂದು ತೋರಿಸು, ಇಲ್ಲದಿದ್ದರೆ ಬೇರೆಯವರನ್ನ ನೋಡ್ಕೋತೀನಿ' ಅಂದಳು. ನಿನ್ನ ಹೆಂಡತಿ ನನ್ನವಳ ಹತ್ತಿರ ಒಂದಕ್ಷರ ಬಿಡದೆ ಹೇಳಿದಾಳೆ. ಅಳುತ್ತಾ ಹೇಳಿದಳಂತೆ. ಇರಲಿ. ನಾಳೆ ಗಾಡಿ ಸರಿಯಾಗಿ ಹೋಗುತ್ತೆ ಅಂತ ನಾನು ಹೇಳ್ತಾ ಇದೀನಲ್ಲ!

ಸಿಗ್ನಲ್ಲು. ಇಲ್ಲಂತೂ ನಿಂತೇ ನಿಲ್ಲುತ್ತೆ...

ಯಾಕೆ ನಗ್ತೀಯ? ಕನ್ನಡಿಯಲ್ಲಿ ಕಾಣ್ತಿದೆ ನನಗೆ. ನಿಲ್ಲಲಿಲ್ಲ, ಆಯಿತು, ನಿಲ್ಲಲಿಲ್ಲ. ಇದು ಯಂತ್ರ, ಒಂದೊಂದು ದಿನ ಒಂದೊಂದು ಬುದ್ಧಿ. ಸೀಟು ಬಿಸಿಯಾ? ಅದೇನು ಪದೇ ಪದೇ ಸೀಟು ಮುಟ್ಟಿ ನೋಡ್ತೀಯ? ಬಿಸಿಲಿಗೆ ಬಿಸಿಯಾಗಿದೆ. ಹಿಂದೆ ಕೂರಬೇಡ ಅಂತ ಬಡ್ಕೊಂಡೆ. ಡಾಕ್ಟರಮ್ಮನೂ ಅದೇ ರಾಗ ಅಂತೆ, 'ಬಾಣಂತಿ ಕೆಳಗೆ ಕೆಂಡ ಇಟ್ಟ ಹಾಗಿದೆ' ಅಂತ. ನಾವು ಮಾತಾಡ್ತಿರೋದು ಸದ್ದಿನ ವಿಷಯ. ಸೀಟಿನದು ಬೇರೆ, ಸದ್ದಿನದು ಬೇರೆ. ಅದನ್ನ ಇದಕ್ಕೆ ಯಾಕೆ ಅಂಟಿಸ್ತೀಯ?

ಏನು, ನಾನು ಅಂಟಿಸಿದೆನಾ? ನೀನೇ ತಾನೇ... ಇಲ್ಲ, ನೀನು ಏನೂ ಅನ್ನಲಿಲ್ಲ. ಸರಿ.

ಈಗ ಏರು ಬಂತು. ಗಟ್ಟಿಯಾಗಿ ಹಿಡ್ಕೋ. ಕೇಳು ಈಗ, ಊಂ... ಅಂತ ಒಂದೇ ಸಮ ಕಿರುಚುತ್ತೆ. ಹಳೇ ಗಾಡಿಯಲ್ಲಿ ಗೇರು ಬದಲಾಗ್ತಿತ್ತು, ಕೂಗು ಏರ್ತಿತ್ತು, ಇಳೀತಿತ್ತು, ಕಿವಿಗೆ ಒಂದು ಸಮಾಧಾನ. ಇದರಲ್ಲಿ ಅದಿಲ್ಲ. ಎಷ್ಟು ಬಲ ಬೇಕೋ ಅಷ್ಟಕ್ಕೆ ಏರಿ ಅಲ್ಲೇ ನಿಂತು ಬಾಯಿ ಬಡ್ಕೊಳ್ಳುತ್ತೆ, ತುದಿ ಮುಟ್ಟೋವರೆಗೆ. ಇದಕ್ಕೆ ಯಾರೂ ಹೆದರಬೇಕಾಗಿಲ್ಲ. ಪ್ರಪಂಚದ ಎಲ್ಲಾ ಹೈಬ್ರಿಡ್ಡೂ ಹೀಗೇ. ಆದರೆ ಬ್ಯಾಟರಿಯೂ ಕೈ ಜೋಡಿಸಿದರೆ ಇಷ್ಟು ಕಿರುಚಲ್ಲ... ಅಂದರೆ, ಸ್ವಲ್ಪ ಕಡಿಮೆ ಕಿರುಚುತ್ತೆ... ಏನಯ್ಯಾ ಅದು ಹಿಂದೆ ಪರಪರ ಅಂತ? ಏನು ಕೀಳ್ತಾ ಇದೀಯ? ಸೀಟಿನ ಕೆಳಗಿನ ಆ ಜಾಲರಿ ಮುಟ್ಟಬೇಡ, ಪ್ಲಾಸ್ಟಿಕ್ಕು, ಮುರಿದುಹೋಗುತ್ತೆ! ಕೈ ತೆಗಿ! ನಾನು ಏರಿನಲ್ಲಿ ಗಾಡಿ ಓಡಿಸ್ತಾ ಇದೀನಿ, ಹಿಂದೆ ತಿರುಗಿ ನೋಡೋಕಾಗಲ್ಲ. ಮಾತು ಕೇಳಿಸ್ತಾ? ಏಯ್!

ಉಸ್ಸ್... ಅಂತಿದೆ.

ಬಂತು ಅದು. ಉಸ್ಸ್ ಅಂತ... ತಾಳು, ತುದಿ ಬಂತು, ಪಕ್ಕಕ್ಕೆ ಹಾಕ್ತೀನಿ.

ಏನು ಹಿಡ್ಕೊಂಡಿದೀಯ ಕೈಯಲ್ಲಿ? ಸ್ಪಂಜಾ? ಹಳದಿ ಸ್ಪಂಜು. ಅದಕ್ಕೇನೀಗ? ಹಿಂದಿನ ಓನರ್ ತುರುಕಿರಬೇಕು. ಜನ ಏನೇನೋ ತುರುಕ್ತಾರೆ. ಹಳದಿ ಸ್ಪಂಜು ನನ್ನ ಅಂಗಡಿ ಸೀಟು ಹೊಲಿಯೋ ಕೋಣೆಯಲ್ಲಿ ಮಾತ್ರ ಇರುತ್ತಾ? ಊರಲ್ಲಿ ಎಲ್ಲರ ಹತ್ತಿರವೂ...

ನಾನು ಯಾಕೆ ಅಂಗಡಿ ಮಾತು ಎತ್ತಿದೆ? ನೀನು ಕೇಳಲೇ ಇಲ್ಲವಲ್ಲ.

ಹಾಗೆ ನೋಡಬೇಡ ಮಾರಾಯ. ಬೈಯಿ. ಬೈದರೆ ನಾನೂ ಬೈತೀನಿ, ಅಲ್ಲಿಗೆ ಮುಗೀತು. ಸುಮ್ಮನೆ ಕೂತರೆ ಏನು ಮಾಡಲಿ?... ಸರಿ, ಕೇಳು. ಬ್ಯಾಟರಿ ಇರೋದು ನೀನು ಕೂತ ಸೀಟಿನ ಕೆಳಗೆ. ಅದು ಉಸಿರಾಡೋದು ಆ ಜಾಲರಿಯಿಂದ. ಬಿಸಿಯಾದರೆ ಒಳಗೊಂದು ಫ್ಯಾನು ಉಸ್ಸ್ ಅನ್ನುತ್ತೆ, ಈಗ ಅಂತಿದೆಯಲ್ಲ, ಹಾಗೆ. ಮೂವತ್ತು ವರ್ಷದ ವ್ಯಾಪಾರದಲ್ಲಿ ಕೊಳ್ಳೋಕೆ ಬಂದವನು ಯಾವನೂ ಹಿಂದೆ ಕೂತಿಲ್ಲ! ಗಂಡ ಸ್ಟೇರಿಂಗ್ ಹಿಡೀತಾನೆ, ಹೆಂಡತಿ ಪಕ್ಕದಲ್ಲಿ, ಹಿಂದಿನ ಸೀಟು ನೋಡೋದು ಬಟ್ಟೆ ಹರಿದಿದೆಯಾ ಅಂತ ಅಷ್ಟೇ. ನನ್ನ ಕರ್ಮಕ್ಕೆ ಈ ಗಾಡಿ ನೋಡೋಕೆ ಒಬ್ಬ ತನ್ನ ಅಜ್ಜಿ ಕರ್ಕೊಂಡು ಬಂದ. ಅವಳು ಹಿಂದೆ ಕೂತಳು. 'ಒಳಗೆ ಹಾವಿದೆ, ಬುಸುಗುಡ್ತಿದೆ' ಅಂತ ಕಿರುಚಿ ಚಪ್ಪಲಿ ಬಿಟ್ಟು ಇಳಿದು ಓಡಿದಳು. ಕುದುರಿದ ವ್ಯಾಪಾರ ಕೆಟ್ಟುಹೋಯಿತು. ಆ ಸಿಟ್ಟಿಗೆ ಒಂದು ತುಂಡು ಕತ್ತರಿಸಿ ನಾನೇ ತುರುಕಿದೆ. ಹ್ಞೂಂ, ನಾನೇ.

ಗಾಡಿ ಹೋಗೋ ದಿನ ಕೀಳೋಣ ಅಂತಿದ್ದೆ, ಆಣೆಗೂ. ನೀನು ತಗೊಂಡು ಹೋದ ದಿನ ನಿನ್ನ ಹೆಂಡತಿ ಬೇರೆ ಬಂದಿದ್ದಳು, 'ನಮ್ಮ ಭಾವನೇ ಕೊಡ್ತಿರೋ ಗಾಡಿ, ಇದಕ್ಕೇನು ನೋಡೋದು' ಅಂತ ನಗ್ತಾ ಹಿಂದಿನ ಬಾಗಿಲಿಗೇ ಒರಗಿ ನಿಂತಳು. ಅವಳ ಎದುರಿಗೆ ಹೇಗೆ ಕೀಳಲಿ? ಆಮೇಲೆ ನೀನು ಫೋನ್ ಮಾಡಿದೆ. ಫೋನ್ ಎತ್ತಿದ ಕೂಡಲೇ ಗೊತ್ತಾಯಿತು ನನಗೆ. ಉಸಿರು ಕಟ್ಟಿದ ಬ್ಯಾಟರಿ ಕಾಯ್ತಿದೆ, ಕಾದದ್ದಕ್ಕೆ ಕಂಪ್ಯೂಟರು ಅದನ್ನ ಬಿಟ್ಟು ಎಲ್ಲಾ ಭಾರ ಎಂಜಿನ್ ಮೇಲೆ ಹಾಕ್ತಿದೆ. ಅದಕ್ಕೇ ಸಂದಿಯಲ್ಲೂ ಕೂಗು, ಸಿಗ್ನಲ್ಲಿನಲ್ಲೂ ಕೂಗು. ಒಂದು ಪಿಸುಮಾತು ಮುಚ್ಚೋಕೆ ಹೋಗಿ ಊರೆಲ್ಲ ಕೇಳೋ ಹಾಗೆ ಕೂಗಿಸಿದೆ. ಗೊತ್ತಿತ್ತು! ಆದರೆ ಮೊದಲನೇ ಫೋನಿಗೇ ಬಾಯಿಂದ ಬಂದುಬಿಟ್ಟಿತ್ತು, 'ಹೈಬ್ರಿಡ್ಡು ಅಂದರೆ ಹಾಗೇ' ಅಂತ. ನನ್ನ ಕಸುಬಿನಲ್ಲಿ ಮೊದಲು ಒಂದು ಆಡಿ ಆಮೇಲೆ ಇನ್ನೊಂದು ಆಡಿದರೆ ಅಂಗಡಿ ಬಾಗಿಲು ಹಾಕಿದ ಹಾಗೆ. ಇವತ್ತು ಇಲ್ಲಿ ನಿಲ್ಲಿಸಿ, ನೀನು ಕೆಳಗಿನ ಊರು ನೋಡ್ತಾ ನಿಂತಾಗ ಮೆಲ್ಲಗೆ ಕಿತ್ತು ಜೇಬಿಗೆ ಹಾಕ್ಕೊಂಡು, 'ನೋಡು, ಏನೂ ಇಲ್ಲ, ನಿನ್ನ ಭ್ರಮೆ' ಅಂತ ಹೇಳೋಣ ಅಂತಿದ್ದೆ.

ಇನ್ನೇನು ಬೇಕು ನಿನಗೆ? ಎಲ್ಲಾ ಹೇಳಿದೆನಲ್ಲ!

ಅರೆ. ಎಂಜಿನ್ ನಿಂತಿತು. ಗಮನಿಸಿದೆಯಾ? ಹತ್ತು ನಿಮಿಷ ಉಸಿರಾಡಿದ್ದೇ ತಡ...

ಯಾಕೆ ಇಳಿದೆ? ಈ ಬಾಗಿಲು ಯಾಕೆ ತೆಗೀತೀಯ? ನಾನು ಇಳೀಬೇಕಾ? ನೀನೇ ಓಡಿಸ್ತೀಯಾ? ಓಡಿಸು, ಗಾಡಿ ನಿಂದು. ಇಳಿದೆ, ತಗೋ. ಆ ಕಡೆ ಬಂದು ಕೂರ್ತೀನಿ, ಒಂದು ನಿಮಿಷ ತಾಳು, ಗಾಳಿ ಕುಡೀತೀನಿ.

ಇಲ್ಲಿ ನಿಂತೇ ಹೇಳ್ತೀನಿ, ನಿನ್ನ ಮುಖ ನೋಡ್ತಾ ಹೇಳೋಕಾಗಲ್ಲ. ಬ್ಯಾಟರಿ ಕೆಟ್ಟಿಲ್ಲ ಅನ್ಸುತ್ತೆ. ನಮ್ಮ ಮೆಕ್ಯಾನಿಕ್ ಕೈಯಲ್ಲಿ ಬಿಚ್ಚಿಸಿ ನೋಡಿಸ್ತೀನಿ. ಕೆಟ್ಟಿದ್ದರೆ ನನ್ನ ತಲೆ ಮೇಲೆ. ನಾಳೆ ಬೆಳಿಗ್ಗೆ ಡಾಕ್ಟರಮ್ಮನ ಹತ್ತಿರ ನಾನೂ ಬರ್ತೀನಿ. ಗಾಡಿಯಲ್ಲಿ ಒಂದು ಸಣ್ಣ ದೋಷ ಇತ್ತು ಅಂತ ಹೇಳ್ತೀನಿ... ಒಪ್ಪಲ್ವಾ? ಸರಿ, ದೋಷ ನನ್ನದು ಅಂತ ಹೇಳ್ತೀನಿ. ಸಾಕಾ? ಆದರೆ ಮನೆಯಲ್ಲಿ ಹೇಳಬೇಡ. ನಿನ್ನ ಹೆಂಡತಿಗೆ ಹೇಳಬೇಡ ಕಣಯ್ಯಾ. ಅವಳಿಗೆ ಗೊತ್ತಾದರೆ ನನ್ನವಳಿಗೆ ಗೊತ್ತಾಗುತ್ತೆ, ಅವಳು ನನ್ನನ್ನ ಮನೆಯೊಳಗೆ... ಹ್ಞೂಂ ಅನ್ನು. ಒಂದು ಸಲ ಹ್ಞೂಂ ಅನ್ನೋಕೂ ಏನು ರೋಗ ನಿನಗೆ? ಬಾಯಿ ಬಿಡು! ತಿರುಗಿ ನಿಂತಿದೀನಿ ಅಂತ ಕತ್ತು ಆಡಿಸಿ ಸುಮ್ಮನಾಗಬೇಡ, ನನಗೆ ಕಾಣಲ್ಲ...

ಏಯ್? ಎಲ್ಲಿ ಗಾಡಿ?

ಏಯ್! ಏ ನಿಲ್ಲೋ! ಆಗಲೇ ಕೆಳಗಿನ ತಿರುವು ದಾಟಿದನಲ್ಲ... ನಾನಿನ್ನೂ ಇಲ್ಲೇ ಇದೀನಿ ಕಣೋ! ಬಸ್ಸು ಇಲ್ಲ, ಆಟೋ ಇಲ್ಲ ಇಲ್ಲಿಗೆ!... ಯಾವಾಗ ಹೊರಟ ಇವನು? ಬೆನ್ನ ಹಿಂದೆಯೇ ಇತ್ತಲ್ಲ. ಒಂಚೂರು, ಒಂದೇ ಒಂಚೂರೂ ಸದ್ದಿಲ್ಲ...

ನಾನು ಮೊದಲೇ ಹೇಳಿರಲಿಲ್ವಾ!